ನಾನು ನಕ್ಕ ಮೇಲೆ ಇವರ ನಗು

ಮಂಗಳವಾರ, ೧೪ನೇ ತಾರೀಖು.

ಇವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿಲ್ಲ. ಬರೆದರಾದರೂ ಮನಸ್ಸು ಹಗುರವಾಗುತ್ತದೇನೋ ಎಂದು ಬರೆದೆ, ಆಗಲಿಲ್ಲ.

ಎಂಟು ಗಂಟೆಯ ಅತ್ತೆ-ಅಳಿಯನ ಕಾಮಿಡಿಯಲ್ಲಿ ಅಳಿಯ ಏಣಿಯಿಂದ ಬೀಳುತ್ತಾನೆ, ಟಿವಿಯೇ ಗೊಳ್ಳೆಂದು ನಗುತ್ತದೆ, ಇವರೂ ನಗುತ್ತಾರೆ. ಎಂಟೂವರೆಯ ಆಫೀಸಿನ ಕಾಮಿಡಿಯಲ್ಲಿ ಯಾರೂ ಬೀಳುವುದಿಲ್ಲ, ಟಿವಿಯೂ ನಗುವುದಿಲ್ಲ. ಮೆತ್ತಗೆ ಒಂದು ಚುಚ್ಚುಮಾತು ಆಡಿ, ಏನೂ ಆಗದವರ ಹಾಗೆ ಫೈಲು ತಿರುವುತ್ತಾರೆ. ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನಗೆ ಅದೇ ಇಷ್ಟ. ಅಲ್ಲಿ ಇವರು ನಗುವುದು ನಾನು ನಕ್ಕ ಮೇಲೆ. ಒಂದು ವಾರದಿಂದ ಅದೇ ತಲೆ ಕೊರೆಯುತ್ತಿತ್ತು.

ಇವತ್ತು ಆ ಆಫೀಸಿನ ಟೈಪಿಸ್ಟ್ ತನ್ನ ತಾಯಿಯ ಕಾಯಿಲೆ ಹೇಳಿಕೊಳ್ಳುವಾಗ ಬೇಕೆಂದೇ ನಕ್ಕೆ. ಇವರು ತೊಡೆ ತಟ್ಟಿಕೊಂಡು ನಕ್ಕರು.

ಮಗಳು ರೇಗಿದಳು. "ಅಪ್ಪಾ, ಅವಳಮ್ಮ ಸಾಯ್ತಿದ್ದಾಳೆ, ನಿಮಗೆ ನಗು ಬೇರೆ!"

ಅವಳು ಒಳಗೆ ಹೋದ ಮೇಲೆ ಇವರ ಕಿವಿಯ ಹತ್ತಿರವೇ ಕೇಳಿದೆ. "ಬಸ್ಸು ಓಡಿಸೋವಾಗ ಹಿಂದಿನ ಹಾರ್ನ್ ಕೇಳ್ಸುತ್ತೇನ್ರೀ?"

"ಕನ್ನಡಿ ಇದೆಯಲ್ಲ, ನೋಡ್ಕೋತೀನಿ. ಡಿಪೋದಲ್ಲಿ ಗೊತ್ತಾದ್ರೆ ಸ್ಟೇರಿಂಗ್ ಕಿತ್ಕೋತಾರೆ ಕಣೇ. ಊರಿಗೆಲ್ಲ ಡಂಗುರ ಹೊಡೀಬೇಡ."

ಐವತ್ತು ಜನ ಕೂತಿರುತ್ತಾರೆ. ಪಕ್ಕದಲ್ಲಿ ಯಾರದೋ ಸ್ಕೂಟರು... ಬೇಡ, ಅದನ್ನು ಬರೆಯಬಾರದು.

"ನಾಳೆ ರಜ ಹಾಕಿ ಕಿವಿ ಡಾಕ್ಟರ ಹತ್ರ ಬರದಿದ್ರೆ, ಡಿಪೋಗೆ ನಾನೇ ಹೋಗಿ ಹೇಳ್ತೀನಿ" ಎಂದೆ. ಬೈಗುಳಕ್ಕೆ ಕಾದೆ. ಇವರು ಎದ್ದು, ಬೆಳಗಿನ ಡ್ಯೂಟಿಗೆಂದು ಮೊಳೆಗೆ ಹಾಕಿದ್ದ ಖಾಕಿ ಅಂಗಿಯನ್ನು ತೆಗೆದು ಮಡಿಸಿ ಬೀರುವಿನಲ್ಲಿಟ್ಟರು. ಇಷ್ಟು ಬೇಗ ಒಪ್ಪಿದರೆಂದರೆ ಇವರಿಗೂ ಎಷ್ಟು ದಿನದಿಂದ ಭಯವಿತ್ತೋ, ಒಬ್ಬರೇ ಅದನ್ನು ಹೇಗೆ ಹೊತ್ತುಕೊಂಡಿದ್ದರೋ.