ನದಿ ನಿಂತ ಏಳು ಸೆಕೆಂಡು

ನೈಮೆಗನ್
೧೪ ಮಾರ್ಚ್ ೨೦೨೫

ನನ್ನ ಪದ್ಮಿನಿಗೆ,

ಕೈಬರಹ ನೋಡಿದ ಕೂಡಲೇ ಇದು ಸ್ವಪ್ನಾಳದ್ದು ಎಂದು ಗೊತ್ತಾಗಿರುತ್ತದೆ. ಹರಿದು ಹಾಕಬೇಡ ಕಣೇ, ಪೂರ್ತಿ ಓದು. ನೀನು ಕೆಲಸ ಬಿಟ್ಟು ದ ಹೇಗ್‌ಗೆ ಹೋಗಿ ಒಂದೂವರೆ ವರ್ಷವಾಯಿತು. ರೈಲಿನಲ್ಲಿ ಎರಡು ಗಂಟೆಯ ದಾರಿ, ಆದರೂ ನಾನು ಒಮ್ಮೆಯೂ ಬರಲಿಲ್ಲ. ನಿನ್ನ ಪುಟ್ಟ ಪೃಥ್ವಿ ಈಗ ಮನೆ ತುಂಬ ಓಡಾಡುತ್ತಿರಬೇಕು. ಮಾತು ಕನ್ನಡದಲ್ಲೋ, ಡಚ್ಚಿನಲ್ಲೋ?

ಹೇಳಬೇಕಾದದ್ದು ಆಫೀಸಿನ ವಿಷಯ. ಸರಕು ಹಡಗುಗಳ ರೇಡಾರ್ ಪರದೆಗೆ ಚಿತ್ರ ಮೂಡಿಸಲು ನಾವಿಬ್ಬರೂ ಸೇರಿ ಬರೆದ ಡ್ರೈವರ್ ತಂತ್ರಾಂಶ ಈಗ ನೂರಾರು ಹಡಗುಗಳಲ್ಲಿದೆ. ಅದರಲ್ಲಿ ನೀನು ಒಂದು ಎಚ್ಚರಿಕೆ ಇಟ್ಟಿದ್ದೆಯಲ್ಲ, 'ಹೊಸ ಚಿತ್ರ ಬರಲಿಲ್ಲ, ಹಳೆಯದನ್ನೇ ತೋರಿಸುತ್ತಿದ್ದೇನೆ' ಎನ್ನುವುದು? ಅದು ಪ್ರತಿ ಹಡಗಿನ ಲಾಗ್ ದಾಖಲೆಯಲ್ಲೂ ದಿನಕ್ಕೆ ಸಾವಿರಾರು ಸಲ ಬೀಳುತ್ತಿತ್ತು. ಗಿರಾಕಿಗಳು ರೇಗಿದರು. ಮ್ಯಾನೇಜರ್ ವೌಟರ್, ಒಂದೇ ಸಾಲು ತಾನೇ, ಸುಮ್ಮನಾಗಿಸಿ ಶುಕ್ರವಾರದೊಳಗೆ ಕಳಿಸಿಬಿಡು ಅಂದರು. ನನಗೂ ಸರಿ ಅನಿಸಿತು. ಹತ್ತಾರು ಎಚ್ಚರಿಕೆಗಳನ್ನು ಬಿಡಿಸಿ ನೋಡಿದ್ದೆ. ಎಲ್ಲವೂ ಹಡಗು ದಡದಲ್ಲಿ ನಿಂತು, ಪರದೆ ಆರಿಸಿದ್ದಾಗ ಬಂದವು. ಆರಿದ ಪರದೆಗೆ ಹೊಸ ಚಿತ್ರ ಬಾರದಿದ್ದರೆ ಯಾರಿಗೇನು ನಷ್ಟ? ಬದಲಾವಣೆ ಬರೆದೇ ಬಿಟ್ಟೆ.

ಅದನ್ನು ನೋಡಿ ಒಪ್ಪಿಗೆ ಕೊಡಬೇಕಿದ್ದವನು ನಮ್ಮ ತಂಡದ ಸಂದೀಪ್. ಕೊಡಲಿಲ್ಲ.

"ಪದ್ಮಿನಿ ಇಟ್ಟಿದ್ದು ಅಂದ್ರೆ ಸುಮ್‌ಸುಮ್ನೆ ಇಟ್ಟಿರಲ್ಲ ಕಣೆ. ಒಂದ್ಸಲ ಹಡಗಿಗೆ ಹೋಗಿ ನೋಡ್ಕೊಂಡ್ ಬಾ, ಆಮೇಲೆ ಓಕೆ ಮಾಡ್ತೀನಿ" ಅಂದ.

ಸಿಟ್ಟಿನಲ್ಲೇ ಹೋದೆ. ಮಂಗಳವಾರ ಬೆಳಗ್ಗೆ ಜಲ್ಲಿ ತುಂಬಿದ ಹಡಗೊಂದು ಇಲ್ಲಿಂದ ವಾಲ್ ನದಿಯಲ್ಲಿ ಕೆಳಮುಖವಾಗಿ ಹೊರಟಿತ್ತು. ನಡೆಸುವವರು ಯಾಪ್ ಎಂಬ ಅರವತ್ತು ದಾಟಿದವರು. ನನಗೆ ಕಾಫಿ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಲ್ಯಾಪ್‌ಟಾಪ್ ತೆರೆದು ಲಾಗ್ ನೋಡುತ್ತಿದ್ದೆ. ಒಂದು ಗಂಟೆ ಏನೂ ಇಲ್ಲ. ನಂತರ ಒಮ್ಮೆಲೇ ನಿನ್ನ ಎಚ್ಚರಿಕೆ ಸಾಲುಸಾಲಾಗಿ ಇಳಿಯತೊಡಗಿತು. ತಲೆ ಎತ್ತಿದರೆ ಪರದೆ ಆನ್ ಆಗಿಯೇ ಇತ್ತು. ಎದುರು ಬರುತ್ತಿದ್ದ ಹಡಗಿನ ಗುರುತು ಅದರಲ್ಲಿ ದೂರದ ತಿರುವಿನಲ್ಲೇ ನಿಂತಿತ್ತು. ಕಿಟಕಿಯಾಚೆ ಆ ಹಡಗು ಎಷ್ಟೋ ಮುಂದೆ ಬಂದಾಗಿತ್ತು. ಏಳು ಸೆಕೆಂಡಿನ ಮೇಲೆ ಗುರುತು ಒಂದೇ ನೆಗೆತಕ್ಕೆ ಅದರ ಜಾಗಕ್ಕೆ ಬಂತು.

ಯಾಪ್ ಗಾಬರಿಪಡಲಿಲ್ಲ. "ಹೊಸ ಪರದೆ ಹಾಕಿದಾಗಿಂದ ಹೀಗೇ. ಒಂದೊಂದ್ಸಲ ನದಿ ನಿಂತುಹೋಗುತ್ತೆ" ಅಂದರು. ಮಂಜು ಮುಸುಕಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಮಂಜಿನಲ್ಲಿ ಈ ಪರದೆಯೇ ತಮ್ಮ ಕಣ್ಣು ಎಂದರು. ಕಾಫಿ ಕೆಳಗಿಟ್ಟು ಲಾಗ್ ಮತ್ತೆ ನೋಡಿದೆ ಪದ್ಮಿ. ಹತ್ತು ಸಾವಿರ ಸುಳ್ಳು ಕೂಗಿನ ನಡುವೆ ಈ ನಿಜದ ಕೂಗು ಹೂತುಹೋಗಿತ್ತು. ಅದರ ಬಾಯಿಯನ್ನೂ ನಾನು ಮುಚ್ಚಲು ಹೊರಟಿದ್ದೆ.

ಮಾರನೆಯ ದಿನ ವೌಟರ್ ಎದುರು ಕೂತು ಹೇಳಿದೆ: ಪರದೆ ಆರಿದ್ದಾಗ ಬರುವ ಎಚ್ಚರಿಕೆ ಬೇಡ, ತೆಗೆಯೋಣ. ಪರದೆ ಆನ್ ಇರುವಾಗ ಬರುವುದನ್ನು ಮುಟ್ಟುವುದಿಲ್ಲ. ಅಷ್ಟೇ ಅಲ್ಲ, ಅಂಥ ಹೊತ್ತಿನಲ್ಲಿ ಹಡಗಿನವರಿಗೆ ತಕ್ಷಣ ತಿಳಿಯುವಂತೆ ಪರದೆಯ ಸುತ್ತ ಕೆಂಪು ಅಂಚು ಬರಬೇಕು. ಚಿತ್ರ ಯಾಕೆ ನಿಲ್ಲುತ್ತದೆ ಎಂದು ಹುಡುಕಲು ಮೂರು ವಾರ ಬೇಕು. ಅವರು ಬಹಳ ಹೊತ್ತು ಕ್ಯಾಲೆಂಡರ್ ನೋಡಿದರು. ಕೊನೆಗೆ, ಗಿರಾಕಿಗಳಿಗೆ ತಾವೇ ಫೋನ್ ಮಾಡಿ ವಿಷಯ ತಿಳಿಸುವುದಾಗಿ ಹೇಳಿದರು. ಅಂದೇ ಮಾಡಿದರು ಕೂಡ.

ಇದೇ ಹುಡುಕಾಟಕ್ಕೆ ನೀನು ಕೆಲಸ ಬಿಡುವ ಮುಂಚೆ ಒಂದು ತಿಂಗಳು ಕೇಳಿದ್ದೆ. ನಿನಗೆ ಗಾಬರಿ ಜಾಸ್ತಿ ಎಂದು ತಂಡದವರೇ ಹೇಳುತ್ತಾರೆ ಎಂದು ವೌಟರ್ ಅಂದಾಗ ನೀನು ನನ್ನತ್ತ ನೋಡಿದೆ. ನಾನು ಮೇಜು ನೋಡುತ್ತಾ ಕೂತೆ. ಈ ಊರಿಗೆ ಬಂದ ಹೊಸದರಲ್ಲಿ ನನ್ನ ಸೈಕಲ್ಲಿನ ಹಿಂದೆ ಓಡಿ ಓಡಿ ಕಲಿಸಿದವಳು ನೀನು. ಜ್ವರ ಬಂದಾಗ ಸಾರು-ಅನ್ನ ತಂದು ಬಡಿಸಿದವಳು. ನಿನ್ನ ಪರವಾಗಿ ಒಂದು ಮಾತಾಡಲು ನನಗೆ ಬಾಯಿ ಬರಲಿಲ್ಲ. ತಪ್ಪಾಯಿತು ಕಣೇ.

ನೀನು ಹೇಳಿದ್ದೇ ಸರಿಯಾಗಿತ್ತು ಎಂದು ನಿನ್ನೆ ತಂಡದ ಮುಂದೆ ಹೇಳಿದ್ದೇನೆ. ನಿನಗೂ ಹೇಳಬೇಕಿತ್ತು. ಬಾ ಎಂದರೆ ಭಾನುವಾರ ಬರುತ್ತೇನೆ. ಬೇಡವೆಂದರೂ ಬೇಸರಿಸುವುದಿಲ್ಲ. ಪೃಥ್ವಿಗೆ ನನ್ನ ಮುತ್ತು.

ಯಾವತ್ತಿಗೂ ನಿನ್ನವಳೇ,
ಸ್ವಪ್ನಾ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ: ನಿನಗೆ ಗಾಬರಿ ಜಾಸ್ತಿ ಎಂದು ವೌಟರ್ ಕಿವಿಗೆ ಹಾಕಿದವಳು ನಾನೇ. ತಂಡದ ಮುಂದಾಳಾಗಿ ನಮ್ಮಿಬ್ಬರಲ್ಲಿ ಒಬ್ಬರನ್ನು ಆರಿಸುವುದಿತ್ತು. ಹಾಗೆ ಹೇಳಿದವನು ಸಂದೀಪ್ ಎಂದು ನೀನು ಅನುಮಾನಪಟ್ಟು ಅವನ ಮದುವೆಗೂ ಹೋಗಲಿಲ್ಲ. ಅದು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ನಿನ್ನೆ ಅವನಿಗೂ ಎಲ್ಲ ಹೇಳಿದೆ. ಆಮೇಲೆ, "ಅವಳಿಗೆ ಕಾಗದದಲ್ಲಿ ಬರಿ. ಫೋನಲ್ಲಿ ಹೇಳಿದ್ರೆ ಅರ್ಧಕ್ಕೇ ಕಟ್ ಮಾಡ್ತಾಳೆ" ಅಂದ.