ಶಿಲ್ಪ ಊರಿದ ವಾಟೆ

ಜೂನ್ 18, 2023, ಭಾನುವಾರ
ಪಾತ್ರೆ, ಬಟ್ಟೆ, ಕಸಿ. ಹಿತ್ತಲ ಮರಕ್ಕೆ ನಾಲ್ಕೂ ಕಡ್ಡಿ ಕಟ್ಟಿ ಮುಗಿಸಿದೆ — ಬಾದಾಮಿ, ರಸಪುರಿ, ಮಲಗೋವ, ಬೇನಿಷಾ. ಕೊಂಡ್ಲಹಳ್ಳಿ ತೋಟದಿಂದ ಅಪ್ಪ ಒದ್ದೆ ಗೋಣಿಯಲ್ಲಿ ಸುತ್ತಿ ಕಳಿಸಿದ್ದು. ಚಳ್ಳಕೆರೆ ಬಿಸಿಲಿಗೆ ಬಾಡುವ ಮೊದಲು ಕಟ್ಟಬೇಕಿತ್ತು.

ಹಿತ್ತಲ ಮರ ನಾಟಿ ಮಾವು. ಹೋದ ವರ್ಷದ ಹಣ್ಣು ಬರೀ ಹುಳಿ. ದೀಪಿಕಾ ಹೊಟ್ಟೆಯಲ್ಲಿದ್ದಾಗ ಶಿಲ್ಪ ಹಣ್ಣು ತಿಂದು ಊರಿದ ವಾಟೆಯಂತೆ. ಇಲ್ಲಿ ಎಲ್ಲ ಶಿಲ್ಪನದೇ — ಇವರ ಮೊದಲ ಹೆಂಡತಿ. ಸತ್ತು ಮೂರು ವರ್ಷ, ಇನ್ನೂ ಮನೆ ಬಿಟ್ಟಿಲ್ಲ. ಮದುವೆ ದಿನ ಅತ್ತೆ ನನ್ನ ತಾಳಿಯ ಪಕ್ಕ ಅವಳ ಮುಖ ಕೆತ್ತಿದ ಚಿನ್ನದ ಪದಕ ಪೋಣಿಸಿದರು. ಎರಡನೆಯವಳು ಸವತಿಯನ್ನು ಕುತ್ತಿಗೆಯಲ್ಲಿ ಇಟ್ಟುಕೊಳ್ಳಬೇಕಂತೆ. ಹೊಸ ಸೀರೆ ಉಡುವ ಮೊದಲು ಅವಳಿಗೆ ತೋರಿಸಬೇಕಂತೆ.

ಆಗಲಿ. ಆದರೆ ದೀಪಿಕಾ ನನ್ನ ಮುಖ ನೋಡಿ ಮಾತಾಡುವುದಿಲ್ಲ, ಪದಕ ನೋಡುತ್ತಾಳೆ. ಹಸಿವು ಅಂತ ಅದಕ್ಕೆ ಹೇಳುತ್ತಾಳೆ. ನಾನು ಬರೀ 'ಆಂಟಿ'. ಒಂದು ಸಲ ನನ್ನನ್ನು ಅವ್ವ ಅನ್ನಲಿ. ಈ ಮನೆಯಲ್ಲಿ ಬೇರೇನೂ ಬೇಡ ನನಗೆ.

ಜೂನ್ 20, ಮಧ್ಯಾಹ್ನ
ಪದಕ ತೆಗೆದೆ. ಇವರು ಎಣ್ಣೆ ಮಿಲ್‌ನಲ್ಲಿ, ಅತ್ತೆ ನಿದ್ದೆಯಲ್ಲಿ. ಬೀರುವಿನಲ್ಲಿಟ್ಟರೆ ಅತ್ತೆ ಕೈಗೆ ಸಿಗುತ್ತದೆ. ಕಸಿಗೆಂದು ಮರದ ನಡುಕೊಂಬೆ ಕಡಿದ ಗಾಯಕ್ಕೆ ಸಗಣಿ ಮಣ್ಣು ಮೆತ್ತುವುದಿತ್ತು. ಪದಕ ಅದರೊಳಗೆ ಒತ್ತಿ, ಮೇಲೆ ಮೆತ್ತಿಬಿಟ್ಟೆ. ನಿನ್ನ ಮರ, ನೀನೇ ಇರು ತಾಯಿ.

ಕೊಂಡಿ ಸಡಿಲಿತ್ತು, ಅಕ್ಕಸಾಲಿ ಪೆದ್ದಣ್ಣನಿಗೆ ಕೊಟ್ಟಿದ್ದೇನೆ ಅಂತ ಅತ್ತೆಗೆ ಸುಳ್ಳು ಹೇಳಿದೆ. ಮುಖ ಬಿಳಿಚಿಕೊಂಡಿತು ಅವರದು.
"ಬೇಗ ತಗಂಬಾ. ಅವಳನ್ನ ಹೊರಗಿಡಬಾರ್ದು."

ಜುಲೈ 16
ನಾಲ್ಕೂ ಹಿಡಿದಿವೆ! ಅಪ್ಪನಿಗೇ ಯಾವತ್ತೂ ಹೀಗಾಗಿಲ್ಲ.

ದೀಪಿಕಾ ಈಗ ನನ್ನ ಕುತ್ತಿಗೆ ನೋಡುವುದಿಲ್ಲ. ಮರದ ಮುಂದೆ ನಿಂತು ಸ್ಕೂಲಿನ ಸುದ್ದಿ ಹೇಳುತ್ತಾಳೆ. ಅಲ್ಲೇನಿದೆ ಅಂತ ನಾನು ಯಾರಿಗೂ ಹೇಳಿಲ್ಲ...

ಮಾರ್ಚ್ 6, 2024
ಶಿವರಾತ್ರಿಗೆ ಹೊಸ ಸೀರೆ ಬಂದಿದೆ. ಪದಕ ಎಲ್ಲಿ ಅಂತ ಅತ್ತೆ ಮತ್ತೆ ಶುರು. ಪೆದ್ದಣ್ಣನ ಹೆಸರು ಹೇಳಿ ಹೇಳಿ ಬಾಯಿ ಸೋತಿದೆ. ದೀಪಿಕಾ ಮಲಗಿದ್ದಾಗ ತೆಗೆಯಲು ಹೋದೆ. ಮಣ್ಣು ಉದುರಿದೆ. ಗಾಯವೇ ಇಲ್ಲ. ತೊಗಟೆ ಕೂಡಿಕೊಂಡು ನುಣ್ಣಗಾಗಿದೆ, ನಡುವೆ ಸಣ್ಣ ಉಬ್ಬು. ಚಾಕು ಊರಿದೆ. ಮನೆಯೊಳಗೆ ದೀಪಿಕಾ ನಿದ್ದೆಯಲ್ಲೇ ಚೀರಿದಳು.

ಚಾಕು ಅಲ್ಲೇ ಬಿಟ್ಟು ಓಡಿದೆ. ಇನ್ನು ಮುಟ್ಟುವುದಿಲ್ಲ.

ಮೇ 4, 2025
ಮೊದಲ ಫಸಲು. ಬಣ್ಣ, ಆಕಾರ ಎಲ್ಲ ಅಪ್ಪನ ತೋಟದ್ದೇ. ಬಾದಾಮಿ ಹೆಚ್ಚಿ ತಿಂದೆ — ಹುಳಿ. ರಸಪುರಿ ಹುಳಿ. ನಾಲ್ಕೂ ಒಂದೇ ಹುಳಿ, ಆ ನಾಟಿ ಹಣ್ಣಿನದೇ. ಅಪ್ಪನಿಗೆ ಫೋನ್ ಮಾಡಿದೆ, ಹಾಗೆ ಆಗೋಕೆ ಸಾಧ್ಯವೇ ಇಲ್ಲ ಅಂದ. ಅತ್ತೆ ಒಂದು ಹೋಳು ಬಾಯಿಗಿಟ್ಟು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ನನಗೆ ಹುಳಿ ಆಗದು, ಹಲ್ಲು ಜುಂ ಅನ್ನುತ್ತದೆ. ಇವತ್ತು ಒಂದು ತಟ್ಟೆ ತಿಂದೆ. ಇನ್ನೂ ಬೇಕು ಅನ್ನಿಸುತ್ತಿದೆ.

ಮೇ 7
ಸಾರಿಗೆ ಬೆಲ್ಲ ಹಾಕಿದೆ. ನಾನು ಹಾಕುವವಳಲ್ಲ, ಶಿಲ್ಪ ಹಾಕುತ್ತಿದ್ದಳಂತೆ. ಇವರು ಎರಡು ಸಲ ಬಡಿಸಿಕೊಂಡರು, ತಲೆ ಎತ್ತಲಿಲ್ಲ.

ಅತ್ತೆ ಪದಕ ಕೇಳುವುದು ಬಿಟ್ಟಿದ್ದಾರೆ.

ಮೇ 11, ಬೆಳಿಗ್ಗೆ
ದೀಪಿಕಾ ಅವ್ವ ಅಂದಳು! ಜಡೆ ಹೆಣೆಯುತ್ತಿದ್ದೆ. ತಿರುಗಿ, ನೇರ ನನ್ನ ಮುಖ ನೋಡಿ ಅಂದಳು. ಅಳು ತಡೆಯಲಾಗಲಿಲ್ಲ. ಬಾಚಿ ತಬ್ಬಿಕೊಂಡೆ. ಆಗ ಕಿವಿಯ ಹತ್ತಿರ ಮೆಲ್ಲಗೆ ಕೇಳಿದಳು.
"ಅವ್ವ, ಆ ಆಂಟಿ ಎಲ್ಲಿಗೆ ಹೋದ್ರು?"
ಯಾವ ಆಂಟಿ ಅಂದೆ.
"ನಿನ್ನನ್ನ ಕುತ್ತಿಗೇಲಿ ಹಾಕ್ಕಂಡಿದ್ರಲ್ಲ, ಅವ್ರು."

ಹಿತ್ತಲಲ್ಲಿ ಕೂತು ಬರೆಯುತ್ತಿದ್ದೇನೆ. ನಾನು ಇಲ್ಲೇ ಇದ್ದೇನೆ. ದಾಕ್ಷಾಯಿಣಿ. ಕೊಂಡ್ಲಹಳ್ಳಿ ಹಾಲೇಶಪ್ಪನ ಮಗಳು. ಮರೆಯುವ ಮೊದಲು ಎಲ್ಲ ಬರೆದಿಡಬೇಕು. ಅಪ್ಪನ ತೋಟ. ಬಾವಿ ಪಕ್ಕದ ಬಾದಾಮಿ ಮರ. ನನ್ನ ಅವ್ವನ ಹೆಸರು —