ಅವಳ ಮಾತು ಅವಳೇ ಮುಗಿಸಲಿ

ಜೂನ್ ೩, ಸೋಮವಾರ

ಇಂದಿನಿಂದ ಈ ದಿನಚರಿ. ಉದ್ದೇಶ ಒಂದೇ: ಮಕ್ಕಳ ಮಾತಿನ ತೊಡಕು ಬಿಡಿಸುವ ವಾಕ್ ಚಿಕಿತ್ಸೆಯಲ್ಲಿ, ನನಗೆ ಕೆಲಸ ಕಲಿಸುವ ಮೇಡಂ ಮಾಡುವುದನ್ನೆಲ್ಲ ಬರೆದಿಟ್ಟುಕೊಂಡು, ವರ್ಷ ತುಂಬುವುದರೊಳಗೆ ಅವರನ್ನು ಮೀರಿಸುವುದು. ತರಗತಿಗೇ ಮೊದಲಿಗಳಾದವಳಿಗೆ ಇದು ಅತಿಯಾಸೆಯಲ್ಲ.

ಚಿಕಿತ್ಸಾ ಕೇಂದ್ರ ದೊಡ್ಡಪ್ಪನದು; ನಡೆಸುವವರು ಮೇಡಂ. ಪ್ರತಿ ಕೊಠಡಿಯ ಬಾಗಿಲಿಗೂ ಗಾಜು ಹಾಕಿಸಿದ್ದಾರೆ. ಮಗುವಿನ ಜೊತೆ ಒಳಗೆ ಯಾರೇ ಇದ್ದರೂ ಹೊರಗಿನವರಿಗೆ ಕಾಣಬೇಕು. ಡ್ರಾಯಿಂಗ್ ಕೊಠಡಿಗೆ ಮಾತ್ರ ಪರದೆ. ಬೆಳಕು ಕಣ್ಣಿಗೆ ಹೊಡೆಯುತ್ತದೆಂದು ಮಾಸ್ತರರ ತಕರಾರು. ಅವರು ದೊಡ್ಡಪ್ಪನ ಬಾಲ್ಯದ ಗೆಳೆಯ. ಮೇಡಂ ತೆಗೆಸಿದಾಗಲೆಲ್ಲ ಪರದೆ ವಾಪಸ್ ಬಂದಿದೆ.

ಜೂನ್ ೧೧

ಮುಖಭಂಗ.

ಏಳು ವರ್ಷದ ಹುಡುಗಿ, ಉಗ್ಗುತ್ತಾಳೆ, ಎಲ್ಲರೂ ಕರೆಯುವುದು ಗುಬ್ಬಿ ಎಂದು. ಆಟದ ಸಾಮಾನು ಕೇಳುವಾಗ 'ಬ... ಬ...' ಎಂದು ತಡವರಿಸಿದಳು. 'ಬಲೂನ್' ಎಂದು ನಾನೇ ಮುಗಿಸಿದೆ. ತಲೆಯಾಡಿಸಿ ಇಸಿದುಕೊಂಡಳು. ಆಮೇಲೆ ಬಾಯಿಯೇ ಬಿಡಲಿಲ್ಲ.

ಎಲ್ಲರೆದುರು ಮೇಡಂ: "ಅದಕ್ಕೆ ಬೇಕಾಗಿದ್ದು ಬಕೆಟ್ ಕಣೇ. ನೀನು ಬಲೂನ್ ಕೊಟ್ಟೆ, ಪಾಪ, ಮರ್ಯಾದೆಗೆ ತಗೊಳ್ತು. ಅವಳ ಮಾತು ಅವಳೇ ಮುಗಿಸ್ಲಿ. ನಿಂಗೇನು ಬಸ್ ತಪ್ಪಿಹೋಗುತ್ತಾ?"

ಸ್ಟಾಫ್ ರೂಮಿಗೆ ರೂಮೇ ನಕ್ಕಿತು. ನಾನೂ ನಕ್ಕೆ... ಮನೆಗೆ ಬಂದ ಮೇಲೆ.

ಜೂನ್ ೧೨

ಗುಬ್ಬಿಯ ಎದುರು ಮೇಡಂ ಕುಳಿತದ್ದನ್ನು ಗಾಜಿನಾಚೆಯಿಂದ ನೋಡಿದೆ. ಪದ ಸಿಕ್ಕಿಕೊಂಡಿತು. ಮೇಡಂ ಕಾದರು. ಮುಖದಲ್ಲಿ ಅವಸರವಿಲ್ಲ, ಅಯ್ಯೋ ಪಾಪವೂ ಇಲ್ಲ. ನಾಳೆಯವರೆಗೂ ಕೂರಬಲ್ಲೆನೆಂಬಂತೆ ಕಾದರು. ಪದ ಬಂತು. ಇದನ್ನು ನನಗೆ ಯಾವ ಪರೀಕ್ಷೆಯೂ ಕೇಳಿರಲಿಲ್ಲ.

ಜುಲೈ ೯, ಮಧ್ಯಾಹ್ನ

ಅವಸರದಲ್ಲಿ ಅಕ್ಷರ ಕೆಟ್ಟರೂ ಈಗಲೇ ಬರೆಯಬೇಕು.

ಡ್ರಾಯಿಂಗ್ ತರಗತಿಗೆ ಹೊತ್ತಾದರೂ ಗುಬ್ಬಿ ಏಳಲಿಲ್ಲ. ಹೋಗುವುದಿಲ್ಲ ಎಂದಳು. ಮುಂದೆ ಹೇಳಹೊರಟು ಸಿಕ್ಕಿಕೊಂಡಳು. ಕಾದೆ. ನನ್ನ ನಾಲಿಗೆಯ ತುದಿಗೆ ಬಂದದ್ದನ್ನೆಲ್ಲ ನುಂಗಿಕೊಂಡು ಕಾದೆ. ಪರದೆ ಎಳೆದ ಮೇಲೆ ಮಾಸ್ತರರು ಮುಟ್ಟಬಾರದ ಕಡೆ ಮುಟ್ಟುತ್ತಾರೆಂದು, ಯಾರಿಗೂ ಹೇಳಕೂಡದೆಂದಿದ್ದಾರೆಂದು, ಕೊನೆಯ ಪದದವರೆಗೂ ಅವಳೇ ಹೇಳಿ ಮುಗಿಸಿದಳು. ಅಂಥ ಧೈರ್ಯವನ್ನು ದೊಡ್ಡವರಲ್ಲಿಯೂ ಕಂಡಿಲ್ಲ.

ಹೇಳಿದ್ದು ಒಳ್ಳೆಯದಾಯಿತು, ನಿನ್ನ ತಪ್ಪೇನೂ ಇಲ್ಲ ಎಂದೆ. ಮೇಡಂ ಬಳಿಗೆ ಓಡಿದೆ. ಇನ್ನಷ್ಟು ಪ್ರಶ್ನೆ ಕೇಳಿ ಪುರಾವೆ ಕೂಡಿಸಿಕೊಂಡು, ದೊಡ್ಡಪ್ಪನಿಗೆ ಒಪ್ಪಿಸೋಣವೆಂದು ನನ್ನ ಬುದ್ಧಿವಂತಿಕೆ.

"ಸಾಬೀತು ಮಾಡೋಕೆ ನೀನೇನು ಜಡ್ಜಾ? ಅನುಮಾನ ಬಂದ್ರೂ ಸಾಕು, ಪೊಲೀಸರಿಗೆ ತಿಳಿಸ್ಲೇಬೇಕು ಅನ್ನುತ್ತೆ ಕಾನೂನು. ದೊಡ್ಡಪ್ಪನ ಕಿವಿಗೆ ಹಾಕಿದ್ರೆ ನಿನ್ನ ತಲೆ ಮೇಲಿನ ಭಾರ ಇಳಿಯೋದಿಲ್ಲ. ಕೇಳಿಸ್ಕೊಂಡೋಳು ನೀನು, ಫೋನ್ ಮಾಡು. ನಾನು ಪಕ್ಕದಲ್ಲೇ ಕೂತಿರ್ತೀನಿ."

ಮಾಡಿದೆ. ಗುಬ್ಬಿಯ ಮಾತುಗಳನ್ನೇ ಹೇಳಿದೆ, ನನ್ನದೊಂದನ್ನೂ ಸೇರಿಸದೆ. ಅಷ್ಟರಲ್ಲಿ ಮೇಡಂ ಅವಳ ತಾಯಿಯನ್ನು ಕರೆಸಿದ್ದರು, ಮಾಸ್ತರರ ತರಗತಿ ನಿಲ್ಲಿಸಿದ್ದರು, ಆ ಕೊಠಡಿಗೆ ಬೀಗ ಜಡಿದಿದ್ದರು. ಬೀಗ ತೆಗೆಸಿ ಪರದೆ ಕೀಳಲು ಹೊರಟ ನನ್ನನ್ನು ತಡೆದರು. ಪೊಲೀಸರು ನೋಡಲಿ, ಇದ್ದ ಹಾಗೇ ಇರಲಿ ಎಂದರು.

ಜುಲೈ ೧೪

ಮಾಸ್ತರನ ಬಂಧನ. ಮೇಡಂ ಅವರನ್ನು ದೊಡ್ಡಪ್ಪ ರಜೆಯ ಮೇಲೆ ಕಳಿಸಿದ್ದಾರೆ. ಫೋನ್ ಮಾಡಿದರೆ ನಗುತ್ತಾರೆ: "ಒಳ್ಳೇದೇ ಆಯ್ತು, ಒಂದು ಹಲ್ಲು ಕೀಳಿಸ್ಕೋಬೇಕಿತ್ತು." ಆಮೇಲೆ ಕೇಳಿದ್ದು ಗುಬ್ಬಿಯ ಬಗ್ಗೆಯೇ. ಹೇಳಿಕೆ ಪಡೆದ ಮಹಿಳಾ ಅಧಿಕಾರಿ ಕೊನೆಯವರೆಗೂ ಕಾದರಂತೆ, ಅವಳ ತಾಯಿ ಹೇಳಿದರು—ಎಂದೆ. ಕೊನೇ ಪದದವರೆಗೂ ಅವಳೇನಾ ಎಂದು ಎರಡು ಸಲ ಕೇಳಿದರು.

ಜುಲೈ ೧೬, ಸಂಜೆ

ದೊಡ್ಡಪ್ಪ ಮನೆಗೆ ಬಂದಿದ್ದರು. ಅಪ್ಪ ತಲೆ ಎತ್ತಲಿಲ್ಲ.

"ನಿನ್ನ ಮೇಲೆ ಯಾರಿಗೂ ಕೋಪ ಇಲ್ಲ ಪುಟ್ಟಿ. ಆ ಮಗು ಉಗ್ಗುತ್ತೆ. ಮಕ್ಕಳ ಮಾತು ಮುಗಿಸೋದು ನಿನ್ನ ಅಭ್ಯಾಸ, ಎಲ್ರೂ ನೋಡಿದ್ದಾರೆ. ಅವತ್ತೂ ನಾನೇ ಮುಗಿಸಿದ್ದು ಅಂತ ಎರಡು ಸಾಲು ಬರ್ಕೊಡು. ನಿಮ್ಮ ಮೇಡಂನೂ ವಾಪಸ್ ಕರೆಸ್ತೀನಿ."

ಬಲೂನಿನ ಕಥೆ ಅವರಿಗೂ ತಲುಪಿದೆ. ಯೋಚಿಸಿ ನಾಳೆ ಹೇಳು ಎಂದು ಬಿಳಿ ಹಾಳೆಯೊಂದನ್ನು ಮೇಜಿನ ಮೇಲಿಟ್ಟು ಹೋದರು.

ಜುಲೈ ೧೭

ಬರೆದುಕೊಡುವುದಿಲ್ಲ.